ಮೈನರ್ ಬೆಳೆದು ಮೇಜರ್ ಆಗುವುದಿಲ್ಲ, ಭಾವ

ದೊಡ್ಡಪ್ಪ (ಫಾರ್ವರ್ಡ್ ಮಾಡಿದ ಸಂದೇಶ): ಎಚ್ಚರ! ರಕ್ತದ ವರದಿಯಲ್ಲಿ 'ಥಲಸ್ಸೇಮಿಯಾ ಟ್ರೇಟ್' ಎಂದಿದ್ದರೆ ಅಂಥ ಮನೆಯ ಸಂಬಂಧ ಬೆಳೆಸಬೇಡಿ. ಎಲ್ಲರಿಗೂ ಕಳುಹಿಸಿ.

ದೊಡ್ಡಪ್ಪ: ನಮ್ಮ ಹುಡುಗಿಗೆ ನೋಡಿರುವ ಹುಡುಗನ ರಕ್ತದ ವರದಿಯ ಫೋಟೋ ಹಾಕಿದ್ದೇನೆ, ನೋಡಿ. ಮೇಲೆ 'ಹಿಮೋಗ್ಲೋಬಿನ್ ವೇರಿಯೆಂಟ್', ಕೆಳಗೆ 'ಟ್ರೇಟ್, ಮೈನರ್'. ವೇರಿಯೆಂಟ್ ಎಂದರೆ ಏನೆಂದು ಕೊರೊನಾ ಕಾಲದಲ್ಲಿ ಎಲ್ಲರೂ ಕಂಡವರೇ. ಇವತ್ತು ಮೈನರ್, ನಾಳೆ ಮೇಜರ್. ಮಾತುಕತೆ ಇಲ್ಲಿಗೇ ಸಾಕು.

ಅತ್ತೆ: ಅಯ್ಯೋ, ಅಷ್ಟು ಒಳ್ಳೆಯ ಹುಡುಗ. ಅಂಟುತ್ತದೆಯೇ ಅಣ್ಣ?

ಚಿಕ್ಕಮ್ಮ: ಖಂಡಿತ ಅಂಟುವುದಿಲ್ಲ ಅತ್ತಿಗೆ. ಥಲಸ್ಸೇಮಿಯಾ ಎಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಲ್ಲಿ ಬರುವ ರಕ್ತದ ತೊಂದರೆ. ಭಾವ, ಆ ತಲೆಬರಹ ಪರೀಕ್ಷೆಯ ಹೆಸರು. ನೀವು ಮಾಡಿಸಿದರೆ ನಿಮ್ಮ ವರದಿಯ ಮೇಲೂ ಅದೇ ಇರುತ್ತದೆ. ಹಿಮೋಗ್ಲೋಬಿನ್‌ನಲ್ಲಿ ಎಸ್, ಇ, ಡಿ ಎಂಬ ಭಿನ್ನ ರೂಪಗಳಿವೆ. ಅವು ಇವೆಯೇ ಎಂದು ನೋಡುವ ಪರೀಕ್ಷೆ ಅದು. ವೈರಾಣುವಿನ ಮಾತೇ ಇಲ್ಲಿಲ್ಲ. ಎಲ್ಲರಲ್ಲೂ ಸ್ವಲ್ಪ ಇರುವ ಎ2 ಎಂಬ ಹಿಮೋಗ್ಲೋಬಿನ್ ಹುಡುಗನಲ್ಲಿ ಶೇ. 5.2 ಇದೆ. 3.5 ದಾಟಿ, ಕೆಂಪು ಕಣವೂ ಚಿಕ್ಕದಾಗಿದ್ದರೆ ಬೀಟಾ ಥಲಸ್ಸೇಮಿಯಾ ಟ್ರೇಟ್, ಅಂದರೆ ಮೈನರ್, ಎನ್ನುತ್ತೇವೆ. ಎರಡು ಜೀನ್‌ಗಳಲ್ಲಿ ಒಂದಕ್ಕೆ ಮಾತ್ರ ದೋಷ.

ದೊಡ್ಡಪ್ಪ: ಹಿಮೋಗ್ಲೋಬಿನ್ 12.4. ಗಂಡಸಿಗೆ ಇದು ಕಡಿಮೆಯಲ್ಲವೇ? ಕಾಯಿಲೆಯಿಲ್ಲದೆ ಏಕೆ ಕಡಿಮೆಯಾಯಿತು?

ಚಿಕ್ಕಮ್ಮ: ಟ್ರೇಟ್ ಇದ್ದವರಲ್ಲಿ ಸ್ವಲ್ಪ ಕಡಿಮೆಯೇ ಇರುತ್ತದೆ. ಅದನ್ನು ಕಂಡು ಕೆಲವರು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುತ್ತಾರೆ. ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಕಡಿಮೆಯಿಲ್ಲದಿದ್ದರೆ ಅದು ಬೇಡ. ಮೇಜರ್ ಬೇರೆಯೇ. ತಂದೆ, ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದ ಮಗುವಿಗೆ ಮಾತ್ರ ಅದು. ನಮ್ಮ ಪ್ರಯೋಗಾಲಯದ ಎದುರಿನ ವಾರ್ಡಿಗೆ ಆ ಮಕ್ಕಳು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುತ್ತಾರೆ. ಆ ಪುಟ್ಟ ಕೈಗಳಲ್ಲಿ ನರ ಸಿಗದೆ ನರ್ಸ್ ತಡಕಾಡುವುದನ್ನು ನೋಡಿದ್ದೇನೆ. ಆ ಮಾತನ್ನು ಈ ಹುಡುಗನ ತಲೆಗೆ ಕಟ್ಟಬೇಡಿ.

ಅಪ್ಪ: ಹಾಗಾದರೆ ಅಪಾಯವೇ ಇಲ್ಲವೇ?

ಚಿಕ್ಕಮ್ಮ: ಅದನ್ನು ನಮ್ಮ ಹುಡುಗಿಯ ರಕ್ತ ಹೇಳಬೇಕು. ಅವಳದು ಸರಿಯಿದ್ದರೆ ಮಕ್ಕಳಿಗೆ ಮೇಜರ್ ಬರುವುದಿಲ್ಲ. ಇಬ್ಬರಲ್ಲೂ ಟ್ರೇಟ್ ಇದ್ದರೆ ಪ್ರತಿ ಬಸುರಿನಲ್ಲೂ ಶೇ. 25ರಷ್ಟು ಸಂಭವ. ಆಗಲೂ 11ನೇ ವಾರದ ಹೊತ್ತಿಗೇ ಭ್ರೂಣದ ಪರೀಕ್ಷೆಗೆ ದಾರಿಯಿದೆ. ಆ ಫಾರ್ವರ್ಡ್ ಬರೆದವರು ಇದಾವುದನ್ನೂ ಹೇಳಿಲ್ಲ. ಇಂಥವು ಹರಡಿದರೆ ಜನ ಪರೀಕ್ಷೆಯನ್ನೇ ಬಿಡುತ್ತಾರೆ, ಮಾಡಿಸಿದವರು ಮುಚ್ಚಿಡುತ್ತಾರೆ. ಈ ಹುಡುಗ ಯಾರೂ ಕೇಳದೆಯೇ ತೋರಿಸಿದ.

ದೊಡ್ಡಪ್ಪ: ನೀನು ಎಷ್ಟೇ ಹೇಳಮ್ಮ, ನನ್ನ ಮನಸ್ಸು ಒಪ್ಪುತ್ತಿಲ್ಲ.

ನಾನು: ದೊಡ್ಡಪ್ಪ, ನಮ್ಮನ್ನು ನಂಬಿ ಕೊಟ್ಟ ವರದಿ ಅದು. ದಯವಿಟ್ಟು ಫೋಟೋ ಅಳಿಸಿ. ನಾಳೆ ನಾನೂ ಅದೇ ಪರೀಕ್ಷೆಗೆ ರಕ್ತ ಕೊಡುತ್ತೇನೆ. ಚಿಕ್ಕಮ್ಮ, ಖಾಲಿ ಹೊಟ್ಟೆಯಲ್ಲಿ ಬರಬೇಕೇ?

ಚಿಕ್ಕಮ್ಮ: ಬೇಡ, ತಿಂಡಿ ತಿಂದೇ ಬಾ.