ಅಪ್‌ಡೇಟ್: ಪೋಲಾರ್ ಪ್ಲಾಟ್‌ನಲ್ಲಿ ಮಾರ್ಜಿನ್ ಲೆಕ್ಕ ಕೂಡಿಬಂತು

ಕಂಟ್ರೋಲ್ ಸಿಸ್ಟಮ್ ಲೆಕ್ಕ ಇದು: ಭಿನ್ನರಾಶಿಯ ಮೇಲೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) 2, ಕೆಳಗೆ ಎಸ್(ಎಸ್+1)(ಎಸ್+2) ಇರುವ ಓಪನ್ ಲೂಪ್, ಅಂದರೆ ಫೀಡ್‌ಬ್ಯಾಕ್ ಜೋಡಿಸುವ ಮುಂಚಿನ ಸಿಸ್ಟಮ್ (ಎಸ್ ಅಂದರೆ ಲಾಪ್ಲಾಸ್ ವೇರಿಯಬಲ್). ಇದರ ಪೋಲಾರ್ ಪ್ಲಾಟ್ (ಫ್ರೀಕ್ವೆನ್ಸಿ ಬದಲಾದಂತೆ ಔಟ್‌ಪುಟ್‌ನ ಅಳತೆ ಮತ್ತು ಫೇಸ್ ತೋರಿಸುವ ಕರ್ವ್) ಸ್ಟೆಬಿಲಿಟಿ ನಿರ್ಧರಿಸುವ ಬಿಂದುವಾದ −1ರ ಎಡಗಡೆಯಿಂದ ಶುರುವಾಗಿಯೂ ಕ್ಲೋಸ್ಡ್ ಲೂಪ್ (ಫೀಡ್‌ಬ್ಯಾಕ್ ಜೋಡಿಸಿದ ಸಿಸ್ಟಮ್) ಸ್ಟೇಬಲ್ ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕೈಯಲ್ಲೇ ಲೆಕ್ಕ ಹಾಕಿ ನೋಡಿದೆ.

ಕರ್ವ್ ತೀರಾ ಕೆಳಗಿನಿಂದ −1.5ರ ಗೆರೆಗೆ ಅಂಟಿಕೊಂಡ ಹಾಗೆ ಮೇಲೆ ಬರುತ್ತದೆ, ಆಮೇಲೆ ಬಲಕ್ಕೆ ವಾಲುತ್ತದೆ. ಫ್ರೀಕ್ವೆನ್ಸಿ ರೂಟ್ 2 ಆದಾಗ ರಿಯಲ್ ಆಕ್ಸಿಸ್ (ಅಡ್ಡ ಗೆರೆ) ಅನ್ನು −1/3ರಲ್ಲಿ ದಾಟುತ್ತದೆ. ಫ್ರೀಕ್ವೆನ್ಸಿ ಏರುವ ದಿಕ್ಕಿನಲ್ಲಿ ಸಾಗಿದರೆ −1 ಎಡಗೈ ಕಡೆಗೇ ಉಳಿಯುತ್ತದೆ, ಹಾಗಾಗಿ ಸ್ಟೇಬಲ್. ಗೇನ್ ಮಾರ್ಜಿನ್ (ಅಸ್ಥಿರವಾಗುವ ಅಂಚಿಗೆ ಬರಲು ಗೇನ್ ಎಷ್ಟು ಪಟ್ಟು ಏರಬೇಕು ಅನ್ನೋದು) 3, ಅಂದರೆ ಸುಮಾರು 9.5 ಡಿಬಿ. ಫೇಸ್ ಮಾರ್ಜಿನ್ (ಅದೇ ಅಂಚಿಗೆ ಬರಲು ಫೇಸ್ ಇನ್ನೆಷ್ಟು ಹಿಂದೆ ಬೀಳಬೇಕು ಅನ್ನೋದು) ಸುಮಾರು 33 ಡಿಗ್ರಿ.

ಒಬ್ಬರು −1ರ ಮೇಲೆ ಕೈವಾರ ಇಟ್ಟು, ಕರ್ವ್‌ಗೆ ಇರುವ ಅತಿ ಕಡಿಮೆ ದೂರ ಅಳೆಯಿರಿ ಅಂದಿದ್ದರು. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಇದೇ. 0.43 ಬಂತು. ಸಾಮಾನ್ಯವಾಗಿ 0.5 ಆದರೂ ಇರಲಿ ಅಂತಾರೆ. ಗೇನ್ 1.5ಕ್ಕೆ ಇಳಿಸಿದೆ. ದೂರ 0.53 ಆಯ್ತು, ಫೇಸ್ ಮಾರ್ಜಿನ್ 41 ಡಿಗ್ರಿ ದಾಟಿತು. ಎರಡೂ ಮಾರ್ಜಿನ್ ಚೆನ್ನಾಗಿದ್ದರೂ ಮಧ್ಯದಲ್ಲೆಲ್ಲೋ ಕರ್ವ್ −1ಕ್ಕೆ ತೀರಾ ಹತ್ತಿರ ಸುಳಿಯಬಹುದು. ಅದು ಸಿಕ್ಕಿಬೀಳುವುದು ಈ ಅಳತೆಯಲ್ಲಿ, ಅಲ್ವಾ?