37ಕ್ಕೆ ಐಟಿ ಬಿಟ್ಟು ಮೇಷ್ಟ್ರಾಗಬಹುದಾ?

ತುಮಕೂರ್‌ಹುಡ್ಗ:
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲ್ಸ, ವಯಸ್ಸು 37. ಸಂಬಳಕ್ಕೆ ಮೋಸ ಇಲ್ಲ, ಆದ್ರೆ ಲ್ಯಾಪ್‌ಟಾಪ್ ತೆಗೆದ್ರೆ ಸಾಕಪ್ಪಾ ಅನ್ಸತ್ತೆ. ಸಂಜೆ ಪಕ್ಕದ್ಮನೆ ಹುಡುಗಿಗೆ ಭಿನ್ನರಾಶಿ ಹೇಳ್ಕೊಡ್ತಾ ಚಪಾತಿ ಹರಿದು ತೋರಿಸ್ದೆ, "ಓ, ಛೇದ ದೊಡ್ಡದಾದ್ರೆ ತುಂಡು ಚಿಕ್ಕದು" ಅಂದ್ಲು, ಅಂಥ ಖುಷಿ ಆಫೀಸಲ್ಲಿ ಯಾವತ್ತೂ ಸಿಕ್ಕಿಲ್ಲ. ಬಿ.ಇ. ಆಗಿದೆ. ಕೆಲ್ಸ ಬಿಡದೇ ಇಗ್ನೋದಲ್ಲಿ (ದೂರಶಿಕ್ಷಣದ ಯೂನಿವರ್ಸಿಟಿ) ಬಿ.ಎಡ್ ಮಾಡ್ಬಹುದಾ?

ಲೆಕ್ಕದ್‌ಟೀಚರ್:
ಬಿ.ಎಡ್ ಮಾಡ್ಬಹುದು ಸರ್, ಬಿ.ಇ.ಯವ್ರಿಗೆ ಜನರಲ್ ಕೆಟಗರಿಲಿ 55% ಬೇಕು. ಇಗ್ನೋ ಬಿ.ಎಡ್ ಮಾತ್ರ ಈಗಾಗ್ಲೇ ಟೀಚರ್ ಟ್ರೈನಿಂಗ್ ಆದವ್ರಿಗೆ, ನಿಮಗೆ ಸಿಗಲ್ಲ. ರೆಗ್ಯುಲರ್ ಅಂದ್ರೆ 2 ವರ್ಷ, ಅದ್ರಲ್ಲಿ 20 ವಾರ ಶಾಲೆಲೇ ಇಂಟರ್ನ್‌ಶಿಪ್, ಕೆಲ್ಸದ ಜೊತೆ ಆಗೋ ಮಾತಲ್ಲ. "ಬರೋದೇ ಬೇಡ, ಹಾಜರಿ ನಾವ್ ಹಾಕ್ಕೋತೀವಿ" ಅನ್ನೋ ಕಾಲೇಜಿಗೆ ದಯವಿಟ್ಟು ಸೇರ್ಬೇಡಿ, ಕಲಿಯೋದೆಲ್ಲ ಆ ಇಂಟರ್ನ್‌ಶಿಪ್ಪಲ್ಲೇ. ಆಮೇಲೆ ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ, 6ರಿಂದ 8ನೇ ಕ್ಲಾಸಿಗೆ ಪಾಠ ಮಾಡೋಕೆ ಪೇಪರ್ 2, ಒಂದ್ಸಲ ಪಾಸಾದ್ರೆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯತ್ತೆ.

ಹಾಸನದೋಳು:
ನಮ್ಮನೆಯವ್ರು ಬ್ಯಾಂಕ್ ಬಿಟ್ಟು ಪ್ರೈವೇಟ್ ಶಾಲೆ ಸೇರಿದ್ರು, ಸಂಬಳ ಅರ್ಧಕ್ಕಿಂತ ಕಮ್ಮಿ ಆಯ್ತು, ಹೋಮ್ ಲೋನ್ ತೀರಿದ್ಮೇಲೆ ಬಿಟ್ಟಿದ್ದಕ್ಕೆ ಮನೆ ನಡೀತು. ಈಗ ಭಾನುವಾರ ಸಂಜೆನೂ ಮುಖ ಬಾಡಲ್ಲ. ಆದ್ರೆ ಒಂದ್ ಮಗುಗೆ ಹೇಳ್ಕೊಡೋದೇ ಬೇರೆ, ನಲವತ್ತು ಮಕ್ಕಳ ಕ್ಲಾಸೇ ಬೇರೆ ಅಣ್ಣ. ಹತ್ರದ ಸರ್ಕಾರಿ ಶಾಲೆ ಹೆಡ್‌ಮಾಸ್ಟರ್ ಕೇಳ್ಕೊಂಡು ಶನಿವಾರ ಬೆಳಗ್ಗೆ ಒಂದೆರಡ್ ತಿಂಗಳು ಪಾಠ ಮಾಡಿ ನೋಡಿ, ರಾಜೀನಾಮೆ ಆಮೇಲೆ.

ತುಮಕೂರ್‌ಹುಡ್ಗ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಲೋನ್ ಇನ್ನೂ ಇದೆ, ಮನೇಲಿ ಕೂತು ಮಾತಾಡ್ತೀವಿ. ಶನಿವಾರ ಹೆಡ್‌ಮಾಸ್ಟರ್‌ನ ನೋಡ್ತೀನಿ, 6ನೇ ಕ್ಲಾಸ್ ಕೇಳ್ಲಾ 8ನೇದು ಕೇಳ್ಲಾ ಮೇಡಂ?