ಹಳೇ ಸಿಟಿ ವಿಟೆಕ್‌ಗೆ ಬುಷ್, ಮೌಂಟ್, ಸೈಲೆನ್ಸರ್: ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್, ಅದೇ 106 ಬಿಎಚ್‌ಪಿ ಗಾಡಿ. ಇಂಜಿನ್ ಇನ್ನೂ ಗಟ್ಟಿಮುಟ್ಟು, ರಬ್ಬರ್‌ಗಳಿಗೆ ಮಾತ್ರ ವಯಸ್ಸಾಗಿದೆ. ಹಂಪ್ ಇಳಿದರೆ ಮುಂದೆ ‘ಟಕ್’ ಅನ್ನುತ್ತೆ. ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ಡ್ಯಾಶ್‌ಬೋರ್ಡ್ ಮೇಲಿನ ಗಣಪ ಕುಣೀತಾನೆ. ಜಾಕ್ ಹಾಕಿ ನೋಡಿದೆ, ಲೋವರ್ ಆರ್ಮ್ ಬುಷ್ (ಮುಂದಿನ ಚಕ್ರ ಹಿಡಿದಿರೋ ತೋಳಿನ ಕೀಲಿನ ರಬ್ಬರ್) ಸೀಳು ಬಿಟ್ಟಿದೆ, ಬೆರಳಿನ ಉಗುರು ಒಳಗೆ ಹೋಗುತ್ತೆ.

ರಬ್ಬರ್ ಬದಲು ಅದಕ್ಕಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಹಾಕಿದರೆ ಗಾಡಿ ಬಿಗಿಯಾಗುತ್ತೆ, ಒಪ್ಪಿದೆ. ಆದರೆ ಬೆಂಗಳೂರಿನ ಗುಂಡಿಗಳಲ್ಲಿ ದಿನಾ ಓಡಿಸೋಕೆ ಸೊಂಟ ತಡೆಯುತ್ತಾ? ಗ್ರೀಸ್ ಒಣಗಿದರೆ ಕಿರ್ ಅನ್ನೋದು ಬೇರೆ. ಬುಷ್ ಮಾತ್ರ ಪಾಲಿ, ಇಂಜಿನ್ ಮೌಂಟ್ (ಇಂಜಿನ್ ಕೂರೋ ಆಸರೆ) ಕಂಪನಿ ರಬ್ಬರೇ ಅಂತ ನನ್ನ ಲೆಕ್ಕ. ಮೌಂಟ್ ಗಟ್ಟಿಯಾದಷ್ಟೂ ನಡುಕ ಸೀದಾ ಬಾಡಿಗೇ ತಾನೇ? ಹೋದ ವರ್ಷ ಹಾಕಿಸಿದ ಅಗ್ಗದ ಮೌಂಟ್ ನಾಲ್ಕೇ ತಿಂಗಳಿಗೆ ಕಿತ್ತುಬಂತು.

4-2-1 ಹೆಡರ್ (ಇಂಜಿನ್‌ನ ನಾಲ್ಕು ಹೊಗೆ ಕೊಳವೆ ಎರಡಾಗಿ, ಆಮೇಲೆ ಒಂದಾಗೋ ಪೈಪು) ಆಸೆಯೂ ಇದೆ. ಹೊಗೆ ಶುದ್ಧಮಾಡೋ ಕ್ಯಾಟ್ (ಕ್ಯಾಟಲಿಟಿಕ್ ಕನ್ವರ್ಟರ್) ತೆಗೆಸಲ್ಲ. ಸದ್ದು ಜಾಸ್ತಿಯಾದರೆ ಪೊಲೀಸರು ಬಿಡಲ್ಲ, ಅಮ್ಮ ಅಂತೂ ಬಿಡೋದೇ ಇಲ್ಲ. ಹೈವೇಯಲ್ಲಿ 3000 ಆರ್‌ಪಿಎಂಗೆ ಗುಂಯ್‌ಗುಡದ ಮಫ್ಲರ್ (ಸೈಲೆನ್ಸರ್) ಯಾರಾದರೂ ಹಾಕಿಸಿದ್ದೀರಾ? ಹೆಡರ್ ಹಂಪ್‌ಗೆ ತಾಗುತ್ತಾ? ಜೆ.ಸಿ. ರಸ್ತೆಯಲ್ಲಿ ಅಸಲಿ ಮೌಂಟ್ ಸಿಗೋ ಅಂಗಡಿ ಗೊತ್ತಿದ್ದರೆ ದಯವಿಟ್ಟು ಹೇಳಿ.